ಮಿದುಳಿನ ಪೊರೆಗೆ ತಗಲುವ ಉರಿ: ಮೆನಿಂಜೈಟಿಸ್ ಕುರಿತು ತಿಳಿದಿರಬೇಕಾದುದು

ಜ್ವರಗಳಲ್ಲಿ ಬಹುಪಾಲು ಸಾಧು ಸ್ವಭಾವದವು. ಒಂದೆರಡು ದಿನ ಲಘು ಆಹಾರ, ಬಿಸಿನೀರು, ಗಂಜಿ, ವಿಶ್ರಾಂತಿ ಇಷ್ಟರಿಂದಲೇ ಅವು ಬಂದ ದಾರಿಯಲ್ಲಿ ಹಿಂದಿರುಗುತ್ತವೆ. ಇಂತಹ ಜ್ವರಗಳಲ್ಲಿ ಕಾಯುವುದೂ ಒಂದು ಚಿಕಿತ್ಸೆಯೇ. ಆದರೆ ಕಾಯುವುದೇ ಕೇಡಾಗುವ ಜ್ವರಗಳೂ ಇವೆ. ಅವುಗಳಲ್ಲಿ ಮುಂಚೂಣಿಯಲ್ಲಿ ನಿಲ್ಲುವುದು ಮಿದುಳಿನ ಪೊರೆಗಳಿಗೆ ಬ್ಯಾಕ್ಟೀರಿಯಾ ತಗಲಿ ಉಂಟಾಗುವ ಉರಿಯೂತ. ಇದನ್ನೇ ಮೆನಿಂಜೈಟಿಸ್ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬ್ಯಾಕ್ಟೀರಿಯಾದಿಂದ ಈ ರೋಗಕ್ಕೆ ಒಳಗಾದ ಸುಮಾರು ಆರು ಜನರಲ್ಲಿ ಒಬ್ಬರು ಮೃತರಾಗುತ್ತಾರೆ. ಐವರಲ್ಲಿ ಒಬ್ಬರಿಗೆ ಕಿವುಡು, ಮೂರ್ಛೆ, ಬುದ್ಧಿಮಾಂದ್ಯದಂತಹ ಗಂಭೀರ ತೊಡಕುಗಳು ಉಳಿಯುತ್ತವೆ. ಈ ಲೆಕ್ಕವನ್ನು ಬದಲಿಸಬಲ್ಲುದು ಮುಖ್ಯವಾಗಿ ಒಂದೇ: ಹೊತ್ತು. ರೋಗವು ಒಳಗೆ ಹೇಗೆ ನಡೆಯುತ್ತದೆಂದು ತಿಳಿದವರಿಗೆ ಹೊತ್ತಿನ ಬೆಲೆ ತಾನಾಗಿಯೇ ಅರಿವಾಗುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ನಡೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಕೋಟೆಯೊಳಗಿನ ತಿಳಿನೀರು

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬಳಸುತ್ತದೆ. ದಿನಕ್ಕೆ ನೂರು ಗ್ರಾಮಿಗೂ ಮಿಕ್ಕಿ ಗ್ಲೂಕೋಸ್ ಅದಕ್ಕೆ ಬೇಕು. ಕೂಡಿಟ್ಟುಕೊಳ್ಳುವ ಕಣಜ ಮಾತ್ರ ಅದಕ್ಕೆ ಇಲ್ಲವೆಂದೇ ಹೇಳಬೇಕು. ಅಂದಂದಿನ ಸಕ್ಕರೆ ಅಂದಂದಿಗೆ ರಕ್ತದಿಂದಲೇ ಬರಬೇಕು.

ಇಂತಹ ಸೂಕ್ಷ್ಮ ಅಂಗವನ್ನು ಪ್ರಕೃತಿಯು ಮೂರು ಪೊರೆಗಳಿಂದ ಸುತ್ತಿ, ಆ ಪೊರೆಗಳ ನಡುವೆ ತಿಳಿನೀರನ್ನು ತುಂಬಿದೆ. ಈ ಮಿದುಳು ಬಳ್ಳಿಯ ದ್ರವ ಯಾವುದೇ ಗಳಿಗೆಯಲ್ಲಿ ಸುಮಾರು ೧೫೦ ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು ೫೦೦ ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗಿ ಹಳೆಯದು ಹೀರಿಕೆಯಾಗುತ್ತದೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಹೋಗದಂತೆ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಕಾವಲು ಕಾಯುತ್ತವೆ. ಇದು ಕೋಟೆ. ಗ್ಲೂಕೋಸಿಗೆ ಮಾತ್ರ ಅಲ್ಲಿ ಪ್ರತ್ಯೇಕ ಬಾಗಿಲುಗಳಿವೆ.

ಕೋಟೆಗೂ ಒಂದು ದೌರ್ಬಲ್ಯವುಂಟು. ರೋಗಾಣುಗಳನ್ನು ಗುರುತಿಸಿ ಕೊಲ್ಲಲು ನೆರವಾಗುವ ಪ್ರತಿಕಾಯಗಳು ಮತ್ತು ಪೂರಕ ಪ್ರೋಟೀನುಗಳು ರಕ್ತದಲ್ಲಿ ಹೇರಳವಾಗಿದ್ದರೂ ಆ ತಿಳಿನೀರಿನಲ್ಲಿ ಬಹಳ ಕಡಿಮೆ. ಮೂಗು ಗಂಟಲುಗಳಲ್ಲಿ ನಿರುಪದ್ರವಿಯಾಗಿ ನೆಲೆಸಿರುವ ನ್ಯೂಮೊಕಾಕಸ್ ಅಥವಾ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಒಮ್ಮೆ ರಕ್ತಕ್ಕಿಳಿದು, ಕಾವಲು ದಾಟಿ ಆ ನೀರನ್ನು ಸೇರಿತೆಂದರೆ ಅಲ್ಲಿ ಅದನ್ನು ತಡೆಯುವವರಿಲ್ಲ. ಗಂಟೆಗಳಲ್ಲಿ ಅದು ಲೆಕ್ಕವಿಲ್ಲದಷ್ಟು ಬೆಳೆಯುತ್ತದೆ. ಹೊರಗಿನಿಂದ ಶತ್ರು ನುಗ್ಗದಂತೆ ಕಟ್ಟಿದ ಕೋಟೆಯೇ, ನುಗ್ಗಿದ ಶತ್ರುವಿಗೆ ಆಶ್ರಯವಾಗುತ್ತದೆ.

ಸಕ್ಕರೆ ಎಲ್ಲಿ ಹೋಯಿತು?

ಮೆನಿಂಜೈಟಿಸ್ ಶಂಕೆ ಬಂದಾಗ ವೈದ್ಯರು ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ ಈ ದ್ರವವನ್ನು ತೆಗೆದು ಪರೀಕ್ಷಿಸುತ್ತಾರೆ. ಜರ್ಮನಿಯ ಹೈನ್ರಿಖ್ ಕ್ವಿಂಕೆ ೧೮೯೧ರಲ್ಲಿ ಬಳಕೆಗೆ ತಂದ ವಿಧಾನವಿದು. ಆರೋಗ್ಯವಂತರಲ್ಲಿ ಈ ದ್ರವದ ಗ್ಲೂಕೋಸ್ ರಕ್ತದ ಗ್ಲೂಕೋಸಿನ ಸುಮಾರು ಮೂರನೆಯ ಎರಡು ಭಾಗ ಇರುತ್ತದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೆಲವೊಮ್ಮೆ ಇಲ್ಲವೇ ಇಲ್ಲವೆನ್ನುವಷ್ಟು ಕುಸಿಯುತ್ತದೆ. ಅದೇ ಹೊತ್ತಿಗೆ ಲ್ಯಾಕ್ಟೇಟ್ ಎಂಬ ಆಮ್ಲದ ಅಂಶ ಏರುತ್ತದೆ. ಲೀಟರಿಗೆ ೩.೫ ಮಿಲಿಮೋಲ್ ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ವೈರಸ್‌ನಿಂದ ಬರುವ ಸೌಮ್ಯ ಮೆನಿಂಜೈಟಿಸ್‌ನಲ್ಲಿ ಸಾಮಾನ್ಯವಾಗಿ ಈ ಎರಡೂ ಬದಲಾವಣೆಗಳು ಕಾಣುವುದಿಲ್ಲ. ಎರಡನ್ನು ಬೇರ್ಪಡಿಸಲು ಇದೊಂದು ಒಳ್ಳೆಯ ಗುರುತು.

ಸಕ್ಕರೆಯನ್ನು ತಿಂದದ್ದು ರೋಗಾಣುಗಳೇ ಎಂದು ಯಾರಿಗಾದರೂ ತೋರಬಹುದು. ಅವೂ ತಿನ್ನುತ್ತವೆ, ಆದರೆ ಅವುಗಳ ಪಾಲು ಸಣ್ಣದು. ನಿಜವಾದ ಕಾರಣಗಳು ಬೇರೆ. ಮೊದಲನೆಯದು, ಉರಿಯೂತದಿಂದ ಗ್ಲೂಕೋಸಿನ ಬಾಗಿಲುಗಳೇ ಕೆಡುತ್ತವೆ. ರಕ್ತದಲ್ಲಿ ಸಕ್ಕರೆಯಿದ್ದರೂ ಒಳಗೆ ಬರುವುದಿಲ್ಲ. ಎರಡನೆಯದು, ರೋಗಾಣುಗಳನ್ನು ಕೊಲ್ಲಲು ನುಗ್ಗಿ ಬರುವ ನ್ಯೂಟ್ರೊಫಿಲ್ ಎಂಬ ಬಿಳಿಕೋಶಗಳು ಸಕ್ಕರೆಯನ್ನು ದಂಡಿಯಾಗಿ ಖರ್ಚು ಮಾಡುತ್ತವೆ. ಮೂರನೆಯದು, ಬಾವಿನಿಂದ ರಕ್ತಸಂಚಾರ ಕುಗ್ಗಿದ ಮಿದುಳು ಆಮ್ಲಜನಕವಿಲ್ಲದೆ ಕೆಲಸ ಸಾಗಿಸಲು ಹೆಣಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಗ್ಲೂಕೋಸ್ ಕಣವನ್ನು ಆಮ್ಲಜನಕದೊಡನೆ ಪೂರ್ಣವಾಗಿ ದಹಿಸಿದರೆ ಕೋಶಕ್ಕೆ ಸುಮಾರು ಮೂವತ್ತು ಎಟಿಪಿ, ಅಂದರೆ ಶಕ್ತಿಯ ನಾಣ್ಯಗಳು, ದೊರೆಯುತ್ತವೆ. ಅರೆಬರೆಯಾಗಿ ದಹಿಸಿ ಲ್ಯಾಕ್ಟೇಟ್ ಆಗಿ ಬಿಟ್ಟರೆ ಸಿಗುವುದು ಎರಡೇ. ಆದರೂ ಹೋರಾಟಕ್ಕಿಳಿದ ಬಿಳಿಕೋಶಗಳು ಎರಡನೆಯ ದಾರಿಯನ್ನೇ ಆರಿಸುತ್ತವೆ. ಅದು ವೇಗವಾದುದು, ಆಮ್ಲಜನಕಕ್ಕೆ ಕಾಯಬೇಕಾಗಿಲ್ಲ. ೧೯೨೦ರ ದಶಕದಲ್ಲಿ ಒಟ್ಟೊ ವಾರ್ಬರ್ಗ್ ಕ್ಯಾನ್ಸರ್ ಕೋಶಗಳಲ್ಲಿ ಗುರುತಿಸಿದ ದುಂದು ಖರ್ಚಿನ ರೀತಿಯನ್ನೇ ಈಗ ಉರಿಯೂತದ ಕೋಶಗಳಲ್ಲಿಯೂ ವಿಜ್ಞಾನಿಗಳು ಕಾಣುತ್ತಿದ್ದಾರೆ. ಹಸಿ ಸೌದೆ ತುಂಬಿದ ಒಲೆಯಂತೆ, ಸೌದೆ ಮುಗಿಯುತ್ತದೆ, ಹೊಗೆ ತುಂಬುತ್ತದೆ, ಅಡುಗೆ ಮಾತ್ರ ಬೇಯುವುದಿಲ್ಲ. ಆ ಹೊಗೆಯೇ ಲ್ಯಾಕ್ಟೇಟ್.

ಉರಿಯೊಳಗೇ ಇರುವ ನಂದಿಸುವ ಗುಣ

ದೇಹವು ಉರಿಸುವುದನ್ನು ಮಾತ್ರ ಬಲ್ಲುದಲ್ಲ, ನಂದಿಸುವುದನ್ನೂ ಬಲ್ಲುದು. ಉರಿಯೂತದಲ್ಲಿ ತೊಡಗಿದ ಮ್ಯಾಕ್ರೊಫೇಜ್ ಕೋಶಗಳು ತಮ್ಮ ದಹನಚಕ್ರದ ಒಂದು ಕವಲಿನಿಂದ ಇಟಾಕೊನೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಇದು ಕೆಲವು ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಿಣ್ವವನ್ನು ತಡೆಯುತ್ತದೆ. ಜೊತೆಗೆ ಉರಿಯೂತವನ್ನೂ ಹತೋಟಿಗೆ ತರುತ್ತದೆ. ಒಲೆಯ ಬೂದಿಯೇ ಕೆಂಡವನ್ನು ಮುಚ್ಚಿ ಮೆತ್ತಗಾಗಿಸುವಂತೆ ಇದು.

ಇನ್ನೊಂದು ಮಾರ್ಗ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದ್ದು. ಬೇಳೆ, ಹಾಲು, ಕಡಲೆಕಾಯಿಗಳಿಂದ ನಮಗೆ ದೊರೆಯುವ ಈ ವಸ್ತುವಿನ ಬಹುಪಾಲು ದೇಹದಲ್ಲಿ ಕೈನುರೆನಿನ್ ಎಂಬ ದಾರಿಯಲ್ಲಿ ಒಡೆಯುತ್ತದೆ. ಸೋಂಕು ತಗಲಿದಾಗ ಈ ದಾರಿ ಅಗಲವಾಗುತ್ತದೆ. ರೋಗಾಣುವಿಗೆ ಟ್ರಿಪ್ಟೊಫಾನ್ ಸಿಗದಂತೆ ಮಾಡಿ ಉಪವಾಸ ಕೆಡವುವುದು ಇದರ ಒಂದು ಉದ್ದೇಶ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ತನಗೆ ಬೇಕಾದ ಟ್ರಿಪ್ಟೊಫಾನನ್ನು ತಾನೇ ತಯಾರಿಸಿಕೊಳ್ಳುವ ಜಾಣ. ಈ ದಾರಿಯಲ್ಲಿ ಹುಟ್ಟುವ ಒಂದು ವಸ್ತು ನರಕೋಶಗಳನ್ನು ರಕ್ಷಿಸುತ್ತದೆ, ಇನ್ನೊಂದು ಅವುಗಳನ್ನು ಕೆರಳಿಸಿ ಕೊಲ್ಲುತ್ತದೆ. ೨೦೧೮ರಲ್ಲಿ ಪ್ರಕಟವಾದ ಇಂಡೋನೇಷ್ಯಾದ ರೋಗಿಗಳ ಅಧ್ಯಯನವೊಂದರಲ್ಲಿ, ಕ್ಷಯದ ಮೆನಿಂಜೈಟಿಸ್‌ನಿಂದ ಬದುಕುಳಿದವರ ಬೆನ್ನಿನ ನೀರಿನಲ್ಲಿ ಟ್ರಿಪ್ಟೊಫಾನ್ ಕಡಿಮೆಯಿದ್ದು, ಮೃತರಾದವರಲ್ಲಿ ಹೆಚ್ಚಿದ್ದುದು ಕಂಡುಬಂದಿತು. ಇದನ್ನು ಓದಿ ಯಾರೂ ಬೇಳೆ ಬಿಡಬೇಕಾಗಿಲ್ಲ. ಅದು ಆಹಾರದ ಮಾತಲ್ಲ, ಮಿದುಳಿನೊಳಗಿನ ವ್ಯವಹಾರದ ಮಾತು. ಮುಂದೆ ಹೊಸ ಚಿಕಿತ್ಸೆಗೆ ದಾರಿಯಾಗಬಲ್ಲ ಸುಳಿವು ಎಂಬ ಕಾರಣಕ್ಕೆ ಇಲ್ಲಿ ಉಲ್ಲೇಖಿಸಿದ್ದೇವೆ.

ಇಲಿಗೆ ಹೆದರಿ ಮನೆ ಸುಟ್ಟಂತೆ

ಇಲಿಯ ಕಾಟಕ್ಕೆ ಮನೆಯನ್ನೇ ಸುಟ್ಟರೆಂಬ ಮಾತು ನಮ್ಮಲ್ಲಿದೆ. ಮೆನಿಂಜೈಟಿಸ್‌ನಲ್ಲಿ ಮಿದುಳಿಗೆ ಆಗುವ ಹಾನಿಯ ದೊಡ್ಡ ಪಾಲು ರೋಗಾಣುವಿನಿಂದ ನೇರವಾಗಿ ಆದುದಲ್ಲ. ಅದನ್ನು ಕೊಲ್ಲಲೆಂದು ದೇಹವೇ ಹಚ್ಚಿದ ಬೆಂಕಿಯಿಂದ ಆದುದು. ಬಾವು, ಒತ್ತಡ, ರಕ್ತನಾಳಗಳ ಸಂಕೋಚನ, ಇವು ಆ ಬೆಂಕಿಯ ಕೆಲಸ. ಆಂಟಿಬಯಾಟಿಕ್ ಕೊಟ್ಟೊಡನೆ ಒಡೆದು ಸಾಯುವ ಬ್ಯಾಕ್ಟೀರಿಯಾಗಳ ಚೂರುಗಳು ಆ ಬೆಂಕಿಗೆ ಇನ್ನಷ್ಟು ಎಣ್ಣೆ ಸುರಿಯುತ್ತವೆ. ಹಾಗೆಂದು ಆಂಟಿಬಯಾಟಿಕ್ ಕೊಡದಿರುವಂತಿಲ್ಲ. ಅದಿಲ್ಲದೆ ಜೀವವೇ ಉಳಿಯದು.

ಆದ್ದರಿಂದ ಮೊದಲ ಆಂಟಿಬಯಾಟಿಕ್‌ಗೆ ಸ್ವಲ್ಪ ಮುಂಚೆ ಅಥವಾ ಅದರ ಜೊತೆಗೇ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವ ಪದ್ಧತಿ ಬಂದಿತು. ಯುರೋಪಿನ ೩೦೧ ವಯಸ್ಕ ರೋಗಿಗಳ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮರಣದ ಪ್ರಮಾಣ ಶೇಕಡಾ ೧೫ರಿಂದ ೭ಕ್ಕೆ ಇಳಿಯಿತು. ವಿಯೆಟ್ನಾಮಿನಲ್ಲಿ ಕ್ಷಯದ ಮೆನಿಂಜೈಟಿಸ್ ಇದ್ದ ೫೪೫ ರೋಗಿಗಳ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಶೇಕಡಾ ೪೧ರಿಂದ ೩೨ಕ್ಕೆ ಇಳಿಯಿತು. ಆದರೆ ಆಫ್ರಿಕಾದ ಮಲಾವಿಯಲ್ಲಿ ನಡೆದ ಪರೀಕ್ಷೆಗಳಲ್ಲಿ ಈ ಪ್ರಯೋಜನ ಕಾಣಲಿಲ್ಲ. ರೋಗಾಣು ಯಾವುದು, ರೋಗಿಯ ದೇಹಸ್ಥಿತಿ ಎಂತಹುದು, ಎಷ್ಟು ಬೇಗ ಬಂದರು ಎಂಬುದನ್ನೆಲ್ಲ ಅಳೆದು ತೂಗಿ ಆಸ್ಪತ್ರೆಯ ತಜ್ಞರು ಇದನ್ನು ನಿರ್ಧರಿಸುತ್ತಾರೆ. ಅಂಗಡಿಯಿಂದ ತಂದು ಮನೆಯಲ್ಲಿ ನುಂಗುವ ಮದ್ದು ಇದಲ್ಲ.

ಮೆಲ್ಲಗೆ ಬರುವ ಕ್ಷಯದ ಮೆನಿಂಜೈಟಿಸ್

ನ್ಯೂಮೊಕಾಕಸ್ ಗಂಟೆಗಳಲ್ಲಿ ಕೆಡವಿದರೆ ಕ್ಷಯದ ಮೆನಿಂಜೈಟಿಸ್ ವಾರಗಳ ಕಾಲ ಹೊಂಚು ಹಾಕುತ್ತದೆ. ಸಂಜೆಯ ಸಣ್ಣ ಜ್ವರ, ಹಸಿವಿಲ್ಲದಿರುವಿಕೆ, ತೂಕ ಇಳಿಯುವುದು, ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ಕಾರಣವಿಲ್ಲದ ವಾಂತಿ, ಮಗುವಿನ ಆಟಪಾಠದಲ್ಲಿ ನಿರಾಸಕ್ತಿ ಇವು ಮೊದಲ ಸೂಚನೆಗಳು. ಪಿತ್ತದ ತಲೆನೋವೆಂದೋ, ಮೈಗ್ರೇನೆಂದೋ, ಪರೀಕ್ಷೆಯ ಭಯವೆಂದೋ ಜನ ದಿನ ದೂಡುತ್ತಾರೆ. ಮೆಳ್ಳೆಗಣ್ಣು, ಮಂಪರು, ಮೂರ್ಛೆ ಬಂದಾಗ ಎಚ್ಚರವಾಗುತ್ತದೆ. ಅಷ್ಟರಲ್ಲಿ ಮಿದುಳಿನ ಬುಡದಲ್ಲಿ ದಪ್ಪನೆಯ ಕೀವಿನ ಲೇಪ ಕಟ್ಟಿ ರಕ್ತನಾಳಗಳನ್ನೂ ನೀರಿನ ದಾರಿಯನ್ನೂ ಅಡಗಿಸಿರುತ್ತದೆ. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವವರೆಗೆ ಈ ರೋಗವೆಂದರೆ ಹೆಚ್ಚುಕಡಿಮೆ ಮರಣವೇ ಆಗಿತ್ತು. ಇಂದು ಹಾಗಲ್ಲ; ಪ್ರಜ್ಞೆ ತಿಳಿಯಾಗಿರುವಾಗಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಬಹಳ ಮಂದಿ ಗುಣವಾಗುತ್ತಾರೆ. ಹತ್ತು ಹದಿನೈದು ದಿನ ಬಿಡದ ತಲೆನೋವು ಜ್ವರದೊಡನೆ ಇದ್ದರೆ, ಅದರಲ್ಲಿಯೂ ಮನೆಯಲ್ಲಿ ಕ್ಷಯದ ರೋಗಿಯಿದ್ದರೆ, ತಡಮಾಡದೆ ಪರೀಕ್ಷಿಸಿಕೊಳ್ಳಬೇಕು.

ಆಯುರ್ವೇದ ಏನು ಹೇಳುತ್ತದೆ?

ಆಯುರ್ವೇದ ವೈದ್ಯರಾದ ನಮ್ಮಿಂದ ಓದುಗರು ಈ ಪ್ರಶ್ನೆಗೆ ಉತ್ತರ ನಿರೀಕ್ಷಿಸುವುದು ಸಹಜ. ಚರಕ ಸಂಹಿತೆಯ ಸಿದ್ಧಿಸ್ಥಾನವು ಹೃದಯ, ಬಸ್ತಿಗಳೊಡನೆ ಶಿರಸ್ಸನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಎಣಿಸುತ್ತದೆ. ಸುಶ್ರುತರು ಹೇಳುವ ೧೦೭ ಮರ್ಮಗಳಲ್ಲಿ ೩೭ ಕೊರಳಿನಿಂದ ಮೇಲೆಯೇ ಇವೆ. ಪ್ರಲಾಪ, ಮೋಹ, ತೀವ್ರ ಶಿರಃಶೂಲಗಳಿಂದ ಕೂಡಿದ ಸನ್ನಿಪಾತ ಜ್ವರವನ್ನು ನಮ್ಮ ಪೂರ್ವಾಚಾರ್ಯರು ಭಯದಿಂದಲೇ ವರ್ಣಿಸಿದ್ದಾರೆ. ಕೆಟ್ಟ ಅಗ್ನಿಯಿಂದ ಆಮ ಹುಟ್ಟುತ್ತದೆಂಬ ತತ್ತ್ವವನ್ನೂ, ಅರೆಬರೆ ದಹನದಿಂದ ಲ್ಯಾಕ್ಟೇಟ್ ಹುಟ್ಟುತ್ತದೆಂಬ ಸಂಗತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಸಂತೋಷವಾಗುತ್ತದೆ. ಆದರೆ ಹೋಲಿಕೆ ಬೇರೆ, ಒಂದೇ ಆಗಿರುವುದು ಬೇರೆ. ಆಮ ಎಂದರೆ ಲ್ಯಾಕ್ಟೇಟ್ ಅಲ್ಲ. ಆಮಪಾಚನದ ಚೂರ್ಣದಿಂದ ಮಿದುಳಿನ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ.

ಚರಕರು ಸೂತ್ರಸ್ಥಾನದಲ್ಲಿಯೇ ಸಾಧ್ಯಾಸಾಧ್ಯ ವಿವೇಕವನ್ನು ವೈದ್ಯನ ಮೊದಲ ಲಕ್ಷಣಗಳಲ್ಲಿ ಒಂದಾಗಿ ಹೇಳಿದ್ದಾರೆ. ತನ್ನ ಕೈಯಲ್ಲಿ ಏನಾಗುತ್ತದೆ, ಏನಾಗದು ಎಂಬುದನ್ನು ಅರಿತು ನಡೆಯುವುದೇ ಶಾಸ್ತ್ರಕ್ಕೆ ಸಲ್ಲಿಸುವ ಗೌರವ. ಕುತ್ತಿಗೆ ಸೆಟೆದು, ಜ್ವರ ಏರಿ, ಮಂಪರು ಕವಿದ ರೋಗಿ ಬಂದರೆ ಅವರನ್ನು ಕೂಡಲೇ ಸುಸಜ್ಜಿತ ಆಸ್ಪತ್ರೆಗೆ ಕಳುಹಿಸುವುದೇ ನಮ್ಮ ಧರ್ಮ. ಕಷಾಯ, ಲೇಹ್ಯ, ನಸ್ಯ, ತಲೆಗೆ ಎಣ್ಣೆ ಇವುಗಳಲ್ಲಿ ಒಂದು ಗಂಟೆಯನ್ನೂ ಕಳೆಯಬಾರದು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಏನನ್ನು ಹಾಕಿದರೂ ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು.

ಗುರುತುಗಳು

ಜ್ವರ, ತೀವ್ರ ತಲೆನೋವು, ಗಲ್ಲ ಎದೆಗೆ ತಾಗದಂತೆ ಸೆಟೆದ ಕುತ್ತಿಗೆ, ಬುದ್ಧಿಯ ಮಬ್ಬು, ಈ ನಾಲ್ಕರಲ್ಲಿ ಎರಡು ಕೂಡಿದರೂ ಎಚ್ಚರ ಬೇಕು. ಬೆಳಕು ಸಹಿಸದಿರುವುದು, ಪದೇಪದೇ ವಾಂತಿ, ಸೆಳವು ಜೊತೆಗೂಡಬಹುದು.

ಹಸುಗೂಸುಗಳಲ್ಲಿ ಕುತ್ತಿಗೆ ಸೆಟೆಯಲೇಬೇಕೆಂದಿಲ್ಲ. ಹಾಲು ಕುಡಿಯದಿರುವುದು, ಕೀರಲು ದನಿಯ ಅಳು, ಎಬ್ಬಿಸಿದರೂ ಏಳದ ನಿದ್ದೆ, ಉಬ್ಬಿದ ನೆತ್ತಿ ಇವೇ ಲಕ್ಷಣ. ಮೈ ಬಿಸಿಯಾಗುವ ಬದಲು ತಣ್ಣಗಾಗಲೂಬಹುದು. ವೃದ್ಧರಲ್ಲಿ ಹಠಾತ್ ಗೊಂದಲವೊಂದೇ ಸುಳಿವಾಗಿರಬಹುದು.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳು ಎದ್ದು, ಗಾಜಿನ ಲೋಟದಿಂದ ಒತ್ತಿದರೂ ಮಾಸದಿದ್ದರೆ ಅದು ಮೆನಿಂಗೊಕಾಕಸ್ ರಕ್ತಕ್ಕೆ ವ್ಯಾಪಿಸಿದ ಗುರುತಾಗಿರಬಹುದು. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ರೆಪ್ಪೆಯ ಒಳಭಾಗಗಳನ್ನು ನೋಡಬೇಕು.

ಜ್ವರದ ತಾಪದಲ್ಲಿ ಅಸಂಬದ್ಧವಾಗಿ ಮಾತನಾಡುವವರನ್ನು, ಕೈಕಾಲು ಬಡಿಯುವವರನ್ನು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಲು ಕರೆದೊಯ್ಯುವುದು ಇಂದಿಗೂ ನಿಂತಿಲ್ಲ. ಮೂಢನಂಬಿಕೆಯನ್ನು ಶರಣರು ಎಂಟು ನೂರು ವರ್ಷಗಳಿಗೂ ಹಿಂದೆಯೇ ತಿರಸ್ಕರಿಸಿದರು. ಅವರ ದಾರಿಯಲ್ಲಿ ನಡೆಯುವವರ ಮನೆಗಳಲ್ಲಿಯಾದರೂ ಇಂತಹ ರೋಗಿ ಮೊದಲು ಸೇರಬೇಕಾದುದು ಆಸ್ಪತ್ರೆಯನ್ನು. ೧೦೮ಕ್ಕೆ ಕರೆ ಮಾಡಿ, ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಕರೆದೊಯ್ಯಬೇಕು.

ಬೆನ್ನಿನ ನೀರಿನ ಭಯ

ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ, ಕಾಲು ಸೋತುಹೋಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಆಳವಾಗಿದೆ. ಇದೇ ಭಯದಿಂದ ಒಪ್ಪಿಗೆ ಕೊಡದೆ ರೋಗಿಯನ್ನು ಮನೆಗೆ ಕರೆತಂದವರನ್ನು ನಾವು ಬಲ್ಲೆವು. ಸತ್ಯವೇನೆಂದರೆ, ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲಿಯೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ. ತೆಗೆಯುವುದು ಕೆಲವು ಮಿಲಿಲೀಟರ್ ಮಾತ್ರ. ದೇಹವು ಅದನ್ನು ಗಂಟೆಯೊಂದರ ಆಸುಪಾಸಿನಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಮಿದುಳಿನ ಒತ್ತಡ ಹೆಚ್ಚಿದೆಯೆಂಬ ಶಂಕೆಯಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಸೋತ ಕಾಲು, ಹೋದ ಕಿವಿ ಇವು ರೋಗದ ಫಲವೇ ಹೊರತು ಸೂಜಿಯ ಫಲವಲ್ಲ. ಯಾವ ರೋಗಾಣು, ಯಾವ ಔಷಧ ಎಂಬುದನ್ನು ಹೇಳುವುದು ಆ ಕೆಲವು ಹನಿಗಳೇ.

ಬಾರದಂತೆ ತಡೆಯುವುದು

ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆಯು ಎಳೆಯ ಮಕ್ಕಳನ್ನು ಕ್ಷಯದ ಮೆನಿಂಜೈಟಿಸ್‌ನಿಂದ ಕಾಪಾಡುವುದರಲ್ಲಿ ಹೆಸರಾಗಿದೆ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹಿಬ್ ಎಂಬ ರೋಗಾಣುವಿನ ವಿರುದ್ಧದ ಅಂಶವಿದೆ. ನಮ್ಮ ದೇಶದಲ್ಲಿ ಇದು ೨೦೧೧ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಿಂದ ಆರಂಭವಾಗಿ ಎಲ್ಲ ರಾಜ್ಯಗಳಿಗೆ ಹಬ್ಬಿತು. ನ್ಯೂಮೊಕಾಕಸ್ ಲಸಿಕೆಯು ೨೦೨೧ರಿಂದ ದೇಶದಾದ್ಯಂತ ಉಚಿತವಾಗಿ ದೊರೆಯುತ್ತಿದೆ. ಲಸಿಕೆಯ ಶಕ್ತಿಗೆ ಒಂದು ನಿದರ್ಶನ: ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಮೆನಿಂಗೊಕಾಕಸ್ ಎ ಲಸಿಕೆಯನ್ನು ೨೦೧೦ರಿಂದ ಆಫ್ರಿಕಾದ ದೇಶಗಳಲ್ಲಿ ಕೊಡತೊಡಗಿದ ಮೇಲೆ, ಅಲ್ಲಿ ಪೀಳಿಗೆಗಳ ಕಾಲ ಕಾಡಿದ್ದ ಆ ಬಗೆಯ ಪಿಡುಗು ಬಹುತೇಕ ಮರೆಯಾಯಿತು.

ಕಿವಿ ಸೋರುವುದನ್ನು ಅಲಕ್ಷಿಸಬಾರದು. ಹಳೆಯ ಕಿವಿಸೋರಿಕೆಯು ಮೂಳೆಯನ್ನು ಕೊರೆದು ಮಿದುಳಿಗೆ ದಾರಿಮಾಡುತ್ತದೆ. ಪೊರೆಯ ಉರಿಯೂತವಲ್ಲದೆ ಮಿದುಳಿನೊಳಗೆ ಕೀವಿನ ಗಡ್ಡೆಯೂ ಆಗಬಹುದು. ತಮಟೆ ಹರಿದು ಸೋರುತ್ತಿರುವ ಕಿವಿಗೆ ಎಣ್ಣೆ ಹಾಕುವುದು ಸಲ್ಲದು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಮನೆಯಲ್ಲಿ ಕ್ಷಯದ ರೋಗಿಯಿದ್ದರೆ ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ವತಿಯಿಂದ ತಡೆಔಷಧ ಕೊಡಿಸಬೇಕು.

ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಒಂದೇ ಕೋಣೆಯಲ್ಲಿ ಹತ್ತಾರು ಮಕ್ಕಳು ಮಲಗುತ್ತಾರೆ. ಮೆನಿಂಗೊಕಾಕಸ್ ಹರಡುವುದು ಇಂತಹ ಇಕ್ಕಟ್ಟಿನಲ್ಲಿಯೇ. ಒಬ್ಬ ವಿದ್ಯಾರ್ಥಿಗೆ ಈ ರೋಗ ಖಚಿತವಾದರೆ ಜೊತೆಯಲ್ಲಿ ಮಲಗುವವರಿಗೆ ವೈದ್ಯರು ತಡೆಔಷಧ ಕೊಡುತ್ತಾರೆ. ಕಿಟಕಿಗಳನ್ನು ತೆರೆದಿಡುವುದು, ಹಾಸಿಗೆಗಳ ನಡುವೆ ಅಂತರವಿಡುವುದು, ಲೋಟ ಹಂಚಿಕೊಳ್ಳದಿರುವುದು ಅಭ್ಯಾಸವಾಗಲಿ. ರಾತ್ರಿ ಜ್ವರದಿಂದ ನರಳುವ ಹುಡುಗನನ್ನು ಬೆಳಗಾದ ಮೇಲೆ ನೋಡೋಣವೆಂದು ಬಿಡದೆ ಎಬ್ಬಿಸಿ ಮಾತನಾಡಿಸಿ, ಕುತ್ತಿಗೆ ಬಾಗುವುದೇ ಎಂದು ನೋಡುವ ನಿಲಯಪಾಲಕರು ಒಂದು ಜೀವವನ್ನು ಉಳಿಸಬಲ್ಲರು. ಅದೂ ಕಾಯಕವೇ.

ಗುಣವಾದ ಮೇಲೆ

ಆಸ್ಪತ್ರೆಯಿಂದ ಬಂದ ಮೇಲೆ ಕಿವಿಯ ಪರೀಕ್ಷೆಯನ್ನು ಒಂದು ತಿಂಗಳೊಳಗೆ ಮಾಡಿಸಲೇಬೇಕು. ಒಳಗಿವಿಯ ಸುರುಳಿಯು ಮೂಳೆಗಟ್ಟುವ ಮುನ್ನ ಚಿಕಿತ್ಸೆಯಾದರೆ ಶ್ರವಣಶಕ್ತಿಯನ್ನು ಮರಳಿ ಪಡೆಯುವ ದಾರಿ ತೆರೆದಿರುತ್ತದೆ. ಕ್ಷಯದ ಮಾತ್ರೆಗಳನ್ನು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು ನಡುವೆ ಬಿಡದೆ ಸೇವಿಸಬೇಕು. ಸರ್ಕಾರವು ಅವನ್ನು ಉಚಿತವಾಗಿ ಕೊಡುತ್ತದೆ. ಈ ಮಾತ್ರೆಗಳು ಯಕೃತ್ತಿಗೆ ಭಾರವಾಗಬಲ್ಲವು. ಆದ್ದರಿಂದ ಭಸ್ಮಗಳನ್ನಾಗಲಿ ಗೊತ್ತಿಲ್ಲದ ಬೇರುಗಳನ್ನಾಗಲಿ ಅವುಗಳ ಜೊತೆ ಸೇವಿಸಬಾರದು. ಸೇವಿಸುತ್ತಿದ್ದರೆ ಆಸ್ಪತ್ರೆಯ ವೈದ್ಯರಿಗೆ ತಿಳಿಸಬೇಕು. ಈ ಹಂತದಲ್ಲಿ ಆಯುರ್ವೇದದ ಪಥ್ಯವಿಚಾರ ನೆರವಾಗುತ್ತದೆ. ಪೇಯದಿಂದ ಗಂಜಿಗೆ, ಗಂಜಿಯಿಂದ ಹೆಸರುಬೇಳೆಯ ಕಿಚಡಿಗೆ, ಅಲ್ಲಿಂದ ಹಾಲು ತುಪ್ಪಗಳ ಊಟಕ್ಕೆ ಕ್ರಮವಾಗಿ ಏರಿಸುತ್ತ ಹೋದರೆ ಕುಗ್ಗಿದ ಅಗ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ. ಒಳ್ಳೆಯ ನಿದ್ದೆ, ಲಘು ನಡಿಗೆ, ಮನೆಯವರ ತಾಳ್ಮೆ ಇವೂ ಔಷಧಗಳೇ. ಶಾಲೆಗೆ ಮರಳಿದ ಮಗು ಕೆಲಕಾಲ ಮಂಕಾಗಿದ್ದರೆ ಗದರಿಸದೆ ಶಿಕ್ಷಕರಿಗೆ ವಿಷಯ ತಿಳಿಸಬೇಕು.

ದೇಹವನ್ನು ದೇವಾಲಯವೆಂದು ನಂಬುವ ಪರಂಪರೆ ನಮ್ಮದು. ಅದರ ಶಿಖರಕ್ಕೆ ಬೆಂಕಿ ತಗಲಿದಾಗ ಯಾವ ಪದ್ಧತಿ ಮೇಲು ಎಂಬ ವಾದಕ್ಕೆ ಹೊತ್ತಿಲ್ಲ. ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದೊಂದೇ ಪ್ರಶ್ನೆ. ಈ ಲೇಖನವನ್ನು ಓದಿದವರು ಇಂದು ಸಂಜೆ ಮನೆಯ ಮಕ್ಕಳ ಲಸಿಕೆಯ ಕಾರ್ಡನ್ನು ಒಮ್ಮೆ ತೆಗೆದು ನೋಡಲಿ, ಬಿಟ್ಟುಹೋದುದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾಕಿಸಲಿ ಎಂಬುದು ನಮ್ಮ ವಿನಂತಿ.